ಕಡಿಯುವ ಮರದ ಒಂದು ಕಡ್ಡಿ

ಬೆಟ್ಟಕ್ಕೆ ಬರುವ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಭಕ್ತಾದಿಗಳು ದಾರಿಯಲ್ಲಿ ಒಂದು ಸಂಗತಿ ನೋಡಿಯೇ ಇರುತ್ತಾರೆ. ರಸ್ತೆ ಅಗಲವಾದಂತೆಲ್ಲಾ ಅಂಚಿನ ಹಳೇ ಹುಣಸೆ, ಮಾವು, ನೇರಳೆ ಹೋಗುತ್ತವೆ. ರಸ್ತೆ ಬೇಡವೆನ್ನಲಾಗದು. ಬಸ್ಸು ಬೇಕು, ಆಂಬುಲೆನ್ಸೂ ಬೇಗ ಬರಬೇಕು. ಆದರೂ ತಾತ ನೆಟ್ಟ ಮರ ಉರುಳೋ ದಿನ ಮನೆಯವರಿಗೆ ಊಟ ಸೇರುವುದಿಲ್ಲ. ಅದರ ಕಡ್ಡಿ ತಂದು ಬೇರೆ ಕಡೆ ಕಸಿ ಕಟ್ಟಿದರೆ ಮರ ಉಳಿಯಿತೆಂದು ಅರ್ಥವೇ, ಇಲ್ಲಾ ಅದು ಬರೀ ಮನಸ್ಸಿನ ಸಮಾಧಾನವೇ?

ಓಟೆ ಊರಿದರೆ ಸಾಲದೇ ಎನ್ನುವವರುಂಟು. ಸಾಲದು. ಈ ಸೀಮೆಯ ಬಹುಪಾಲು ಮಾವಿನ ಓಟೆಯಲ್ಲಿ ತಾಯಿಯದ್ದು ಅರ್ಧ, ಎಲ್ಲಿಂದಲೋ ಬಂದ ಪರಾಗದ್ದು ಅರ್ಧ. ಸಿಹಿ ಮರದ ಮಗ ಬರೀ ನಾರಾಗಬಹುದು (ಮನುಷ್ಯರ ಮನೆಯಲ್ಲೂ ಹಾಗೇ ಅಲ್ಲವೇ!). ಕಸಿ ಕಡ್ಡಿ ಹಾಗಲ್ಲ, ಅದು ಅದೇ ಮರದ ಮೈ. ಪಕ್ಕದ ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ತಾಮ್ರಗೆಂಪು ತೊಳೆಯ ಒಂದು ಹಲಸಿನ ಮರವಿತ್ತು. ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು 2017ರಲ್ಲಿ ರೈತನೊಡನೆ ಒಡಂಬಡಿಕೆ ಮಾಡಿಕೊಂಡು 'ಸಿದ್ದು' ಎಂಬ ಹೆಸರಲ್ಲಿ ಅದರ ಕಸಿ ಗಿಡ ಹಂಚಿದರು. ಆ ಒಂದೇ ಮರ ಇಂದು ಎಷ್ಟೋ ಊರುಗಳಲ್ಲಿ ನಿಂತಿದೆ.

ಇದು ಹೊಸ ಯೋಚನೆಯೇನಲ್ಲ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಯಾವ ಅಶೋಕನ ಶಾಸನಗಳಿವೆಯೋ, ಅದೇ ಅಶೋಕ ದಾರಿಯಲ್ಲಿ ಆಲ, ಮಾವಿನ ತೋಪು ಹಾಕಿಸಿದೆನೆಂದು ಉತ್ತರದ ಸ್ತಂಭ ಶಾಸನವೊಂದರಲ್ಲಿ ಬರೆಸಿದ್ದಾನೆ. ಅವನ ಮಗಳು ಸಂಘಮಿತ್ರೆ ಬೋಧಿವೃಕ್ಷದ ಕೊಂಬೆಯನ್ನು ಸಿಂಹಳಕ್ಕೆ ಒಯ್ದಳೆಂಬುದು ಬೌದ್ಧರ ಪರಂಪರೆ. ಬುದ್ಧಗಯೆಯ ಹಳೇ ಅರಳಿ 1876ರಲ್ಲಿ ಬಿತ್ತು. ಅನುರಾಧಪುರದ ಅರಳಿಗೆ ಇಂದಿಗೂ ಪೂಜೆ ನಡೆಯುತ್ತಿದೆ.

ಹಾಗಾದರೆ ಕಸಿ ಕಟ್ಟಿದವನಿಗೆ ಕಡಿದ ಪಾಪವಿಲ್ಲವೇ? ಅಷ್ಟು ಸಲೀಸಲ್ಲ. ಕಡ್ಡಿಯಲ್ಲಿ ರುಚಿ ಬರುತ್ತದೆ, ನೆರಳು ಬರುವುದಿಲ್ಲ. ಗಿಣಿಯ ಪೊಟರೆ ಬರುವುದಿಲ್ಲ, ಕಟ್ಟೆಯ ಮೇಲಿನ ಪಂಚಾಯ್ತಿಯೂ ಬರುವುದಿಲ್ಲ. 1976ರ ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆಯೂ ಬದಲಿ ಗಿಡ ನೆಡಿ ಎನ್ನುತ್ತದೆ, ಆದರೆ ಅದೇ ಜಾತಿಯದ್ದಾಗಲಿ, ಒಪ್ಪುವ ಬೇರೆ ಜಾತಿಯದ್ದಾಗಲಿ ಆಗುತ್ತದೆ. ಸರ್ಕಾರಕ್ಕೆ ಒಂದು ಮರಕ್ಕೆ ಒಂದು ಮರ. ತಾತನ ಲೆಕ್ಕ ಬೇರೆ. ಅವರು ಹಣ್ಣು ತಿಂದು, ಇದು ಮೊಮ್ಮಕ್ಕಳಿಗಿರಲಿ ಅಂತ ಉಳಿಸಿದ್ದು ಆ ರುಚಿಯನ್ನೇ. ಕಸಿ ಕಟ್ಟುವುದು ಮರಕ್ಕೆ ಸಲ್ಲಿಸುವ ಪ್ರಾಯಶ್ಚಿತ್ತವಲ್ಲ, ನೆಟ್ಟವರಿಗೆ ತೀರಿಸುವ ಸಾಲ. ನೆರಳಿನ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ.

ಆ ಸಾಲಕ್ಕೂ ವಾಯಿದೆ ಇದೆ. ಗರಗಸ ಬಂದ ದಿನ ಓಡಿದರೆ ಪ್ರಯೋಜನವಿಲ್ಲ. ಮರಕ್ಕೆ ಗುರುತು ಬಣ್ಣ ಬಿದ್ದ ಕೂಡಲೇ ಶುರು ಮಾಡಬೇಕು. ಮುದಿ ಮರದಲ್ಲಿ ಎಳೇ ಕಡ್ಡಿ ಇಲ್ಲದಿದ್ದರೆ ಒಂದು ಕೊಂಬೆ ಸವರಿ ಚಿಗುರಿಸಬೇಕು, ಅದಕ್ಕೇ ತಿಂಗಳುಗಳು ಹಿಡಿಯುತ್ತವೆ. ಮೂರು ನಾಲ್ಕು ತಿಂಗಳ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ತೊಟ್ಟು ಬಿಟ್ಟು ಎಲೆ ಸವರಿ, ಎಂಟು ಹತ್ತು ದಿನದ ಮೇಲೆ ಕತ್ತರಿಸಬೇಕು. ಒದ್ದೆ ಬಟ್ಟೆ ಸುತ್ತಿ ತಂದು, ಮಳೆಗಾಲದಲ್ಲಿ ಮೊಳೆತ ಹದಿನೈದು ದಿನದ ಓಟೆ ಗಿಡಕ್ಕೆ ಸೇರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಕೈ ಪಳಗದವರು ಹಿರಿಯೂರಿನ ಬಬ್ಬೂರು ಫಾರಂ ಕಡೆ ಹೋಗಿ ಕೇಳಬಹುದು, ಅಥವಾ ನರ್ಸರಿಯವರನ್ನು ಕರೆಸಬಹುದು.

ಒಂದೇ ಕಟ್ಟಿ ಮನೆ ಮುಂದೆ ಇಟ್ಟುಕೊಂಡರೆ ಮುಂದಿನ ರಸ್ತೆಗೆ ಅದೂ ಹೋದೀತು. ಹತ್ತು ಕಟ್ಟಿದರೆ ಕೆಲವು ಒಣಗುತ್ತವೆ. ಉಳಿದದ್ದರಲ್ಲಿ ಒಂದು ಹೊಲಕ್ಕೆ, ಒಂದು ಮಗಳ ಊರಿಗೆ, ಒಂದು ಮಾತು ಬಿಟ್ಟ ದಾಯಾದಿಯ ತೋಟಕ್ಕೆ. ಅವನಿಗೂ ತಾತ ಅವರೇ ತಾನೇ.