ಮದ್ದು ಕೊಡುವ ಮುಂಚೆ ಕೇಳತಕ್ಕದ್ದೇನು?

ಜಯನಗರದ ಒಂದು ಆಸ್ಪತ್ರೆಯಲ್ಲಿ ದಾದಿಯೊಬ್ಬಳ ಬೆರಳಿಗೆ ರೋಗಿಯ ರಕ್ತ ಹತ್ತಿದ ಸೂಜಿಯು ಚುಚ್ಚಿತೆಂದು ಭಾವಿಸೋಣ. ಎಚ್‌.ಐ.ವಿ. ತಗಲದಂತೆ ಆಕೆಗೆ ಕೂಡಲೇ ಮಾತ್ರೆ ಕೊಡುವರು. ಇದನ್ನು 72 ತಾಸುಗಳೊಳಗೆ ಆರಂಭಿಸಿ 28 ದಿವಸ ಬಿಡದೆ ನುಂಗತಕ್ಕದ್ದು. ಎಷ್ಟು ಬೇಗನೋ ಅಷ್ಟು ಲೇಸು, ಯಾಕಂದರೆ ವಿಷಾಣುವು ದೇಹದಲ್ಲಿ ಬೇರೂರಿದ ಮೇಲೆ ಈ ಮದ್ದು ಅದನ್ನು ಕೀಳಲಾರದು. ಆಕೆಯ ನಡತೆಯನ್ನು ಯಾರೂ ವಿಚಾರಿಸರು. ಅದೇ ರಾತ್ರಿ ಬನಶಂಕರಿಯಿಂದ ನಾಚುತ್ತಾ ಬಂದ ಯೌವನಸ್ಥನನ್ನಾದರೋ ನಾವು ಮೊದಲು ಅದನ್ನೇ ಕೇಳುತ್ತೇವೆ.

ಸೋಂಕಿನ ಭಯವುಳ್ಳವರು ಮುಂಚಿತವಾಗಿಯೇ ದಿನಕ್ಕೊಂದು ಮಾತ್ರೆ ನುಂಗುವ ಕ್ರಮವೂ ಉಂಟು. ಇದು ಪಾಪಕ್ಕೆ ಕೊಟ್ಟ ಪರವಾನಗಿಯೆಂದು ಕೆಲವರನ್ನುತ್ತಾರೆ; ನಾವೂ ಹಾಗೆಣಿಸಿದ್ದುಂಟು. ಆದರೆ ಸೋಂಕುಳ್ಳ ಗಂಡನೊಡನೆ ಬಾಳುವ ಪತಿವ್ರತೆಗೂ ಇದೇ ಮಾತ್ರೆ. ಆಕೆಯ ಪಾಪವು ಯಾವದು? ಮೈಸೂರಿನಲ್ಲಿ ಆಶೋದಯ ಸಮಿತಿಯವರು 2016ರಲ್ಲಿ ಲೈಂಗಿಕ ವೃತ್ತಿಯ ಸ್ತ್ರೀಯರಿಗೆ ಇದನ್ನು ಕೊಡಲಾರಂಭಿಸಿದರು. ಆ ಪ್ರಯೋಗದಲ್ಲಿ ಒಬ್ಬಳಿಗೂ ಸೋಂಕು ತಗಲಲಿಲ್ಲ. ಅವರ ಜೀವವು ನಮ್ಮ ಜೀವಕ್ಕಿಂತ ಅಗ್ಗವೆಂದು ಹೇಳುವ ಧೈರ್ಯ ನಮಗಿಲ್ಲ.

ಆ ಯೌವನಸ್ಥನಾದರೋ ನಮ್ಮ ಮುಖಕ್ಕೆ ಅಂಜಿ ಎರಡು ದಿವಸ ಮನೆಯಲ್ಲೇ ಕೂತನೆಂದರೆ, ಅವನಿಗೆ ಉಳಿದಿರುವದು 24 ತಾಸು ಮಾತ್ರವೇ.