ನಡುಮನೆಯ ಆಟಿಕೆಗಳು ಮತ್ತು ಶ್ರಾವಕಧರ್ಮ

ಮುನಿಗಳು ಕಮಂಡಲುವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಕೆಳಗಿಡುವ ಮೊದಲು ಆ ಸ್ಥಳವನ್ನು ಚೆನ್ನಾಗಿ ನೋಡಿ, ಪಿಂಛಿಯಿಂದ ಮೃದುವಾಗಿ ಸವರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಐದು ಸಮಿತಿಗಳಲ್ಲಿ ನಾಲ್ಕನೆಯದಾದ ಆದಾನ-ನಿಕ್ಷೇಪಣ ಸಮಿತಿಯ ಪಾಲನೆ ಅದು. ಇದು ಮುನಿಧರ್ಮವಲ್ಲವೆ, ಗೃಹಸ್ಥರಾದ ನಮಗೇನು ಎಂದು ಸುಮ್ಮನಾಗುವುದು ಸುಲಭ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಪ್ರೋಷಧೋಪವಾಸ ವ್ರತದ ಅತಿಚಾರಗಳನ್ನು ಹೇಳುವಾಗ, ನೋಡದೆ ಶುದ್ಧಗೊಳಿಸದೆ ವಸ್ತುಗಳನ್ನು ಎತ್ತಿಕೊಳ್ಳುವುದನ್ನೂ ಸೇರಿಸಿದ್ದಾರೆ. ವ್ರತದ ದಿನ ದೋಷವಾದುದು ಮಿಕ್ಕ ದಿನಗಳಲ್ಲಿ ಗುಣವಾಗಲಾರದು.

ಈ ವಿಚಾರ ನನ್ನ ತಲೆಗೆ ಹೊಕ್ಕುದು ಮೊಮ್ಮಗಳ ಆಟಿಕೆಗಳಿಂದ. ನಮ್ಮದು ಮೂರು ತಲೆಮಾರು ಒಟ್ಟಿಗಿರುವ ಮನೆ. ಬೆಳಿಗ್ಗೆ ನಡುಮನೆಯಲ್ಲಿಯೇ ನನ್ನ ಸಾಮಾಯಿಕ, ಹಗಲು ಬಂದುಹೋಗುವವರ ಮಾತುಕತೆ, ಸಂಜೆ ಮಗುವಿನ ಆಟ. ಆಟಿಕೆಗಳು ಕಾಲಿಗೆ ತೊಡರುತ್ತವೆಂದು ಮಗ ಮುಚ್ಚಳವಿರುವ ದೊಡ್ಡದೊಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತಂದಿಟ್ಟ. ಎಲ್ಲವನ್ನೂ ಬಾಚಿ ಅದರೊಳಗೆ ಸುರಿದು ಮುಚ್ಚಿದರೆ ಮುಗಿಯಿತು. ನೋಡಿದವರೆಲ್ಲ ಹೊಗಳುವಷ್ಟು ಓರಣ.

ಆಷಾಢದ ಮಳೆಯಲ್ಲಿ ಒಂದು ದಿನ ತೊಳೆಯಲೆಂದು ಆ ಪೆಟ್ಟಿಗೆಯನ್ನು ಬರಿದುಮಾಡಿದೆವು. ತಳದಲ್ಲಿ ಬಿಸ್ಕತ್ತಿನ ಚೂರುಗಳು, ಅದಕ್ಕೆ ಮುತ್ತಿದ ಇರುವೆಗಳು, ಜಜ್ಜಿಹೋದ ಜಿರಲೆಗಳು, ಒಂದು ಹಲ್ಲಿಮರಿಯ ಒಣಗಿದ ದೇಹ. ಪ್ರತಿ ಸಂಜೆ ನೋಡದೆ ಸುರಿಯುತ್ತಿದ್ದ ನಮ್ಮ ಕೈಗಳೇ ಇದಕ್ಕೆ ಕಾರಣ. ಪ್ರಮಾದದಿಂದಾಗುವ ಪ್ರಾಣಘಾತವೇ ಹಿಂಸೆಯೆಂದು ಶಾಸ್ತ್ರ ಹೇಳುತ್ತದೆ. ನಮ್ಮ ಓರಣ ಮನುಷ್ಯರ ಕಣ್ಣಿಗೆ ಮಾತ್ರ ಓರಣವಾಗಿತ್ತು.

ಅಂದು ಆಟಿಕೆಗಳನ್ನು ಎಣಿಸಿದೆವು, ನೂರನ್ನು ದಾಟಿದವು. ಮಗು ನಿಜವಾಗಿ ಆಡುತ್ತಿದ್ದುದು ಏಳೆಂಟರಲ್ಲಿ. ಪರಿಗ್ರಹವೆಂದರೆ ವಸ್ತುವಲ್ಲ, ಅದರ ಮೇಲಿನ ಮೂರ್ಛೆ ಎಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ಈ ನೂರರ ಮೇಲಿನ ಮೂರ್ಛೆ ಯಾರದು? ಎರಡು ದಿನದಲ್ಲಿ ಮರೆಯುವ ಮಗುವಿನದಂತೂ ಅಲ್ಲ. ಯಾತ್ರೆಗೆ ಹೋದಲ್ಲೆಲ್ಲ ಒಂದೊಂದು ಕೊಂಡು ತಂದ ನನ್ನದು, ಪ್ರೀತಿಯನ್ನು ವಸ್ತುವಿನಲ್ಲಿ ಅಳೆಯುವ ಬಂಧುಗಳದು. ಸಮಂತಭದ್ರರು ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳೊಳಗೆ ಅತಿಸಂಗ್ರಹವನ್ನು ಹೇಳಿದ್ದಾರೆ. ದೊಡ್ಡ ಪೆಟ್ಟಿಗೆ ಅತಿಸಂಗ್ರಹವನ್ನು ನಮ್ಮಿಂದಲೇ ಬಚ್ಚಿಡುತ್ತದೆ. ಲೆಕ್ಕವೇ ತಪ್ಪಿದ ಮೇಲೆ ಪರಿಮಾಣವೆಲ್ಲಿ?

ಪಶ್ಚಾತ್ತಾಪದ ಭರದಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಮಗು ಶಾಲೆಗೆ ಹೋಗಿದ್ದಾಗ ಅರ್ಧದಷ್ಟು ಆಟಿಕೆಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಅದರಲ್ಲಿ ಚಕ್ರ ಮುರಿದ ಚನ್ನಪಟ್ಟಣದ ಮರದ ಕುದುರೆಯೂ ಇತ್ತು. (ಆ ಬೊಂಬೆಗಳಿಗೆ ಹಚ್ಚುವುದು ಅರಗಿನ ಬಣ್ಣ. ಅರಗು ಕೀಟಗಳಿಂದ ಬರುವುದು. ಅದರ ವ್ಯಾಪಾರ ಶ್ರಾವಕರಿಗೆ ವರ್ಜ್ಯವೆಂದು ಹಿರಿಯರು ಎಣಿಸಿದ್ದಾರೆ. ಅದು ಬೇರೆಯೇ ಚರ್ಚೆ.) ಸಂಜೆ ಮಗು ಕುದುರೆಯನ್ನು ಹುಡುಕಿತು. ನಾನು ದಾನದ ಮಹಿಮೆಯನ್ನು ಹೇಳಹೊರಟೆ. “ಅಜ್ಜಾ, ನನ್ನನ್ನು ಕೇಳಿದಿರಾ?” ಎಂದಿತು.

ನಾವೇ ದುಡ್ಡು ಕೊಟ್ಟು ತಂದದ್ದಲ್ಲವೆ, ಮಗುವನ್ನೇನು ಕೇಳುವುದು ಎಂದು ಮಗ ನನ್ನ ಪರವಾಗಿಯೇ ವಾದಿಸಿದ. ಆ ವಾದ ನನಗೆ ಒಪ್ಪಿಗೆಯಾಗಲಿಲ್ಲ. ಕೊಟ್ಟ ಮೇಲೆ ಅದು ಮಗುವಿನದು. ಕೊಡದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದಾಗ, ಒಡೆಯನ ವಯಸ್ಸಿಗೆ ಅಲ್ಲಿ ವಿನಾಯಿತಿಯಿಲ್ಲ. ಬಾಲಕರ ಹಿತಕ್ಕಾಗಿ ಹಿರಿಯರು ಎಷ್ಟೋ ನಿರ್ಣಯಗಳನ್ನು ಮಾಡಬೇಕಾಗುತ್ತದೆ, ನಿಜ. ಚೂಪಾದ, ಅಪಾಯದ ವಸ್ತುವನ್ನು ಕೇಳದೆ ತೆಗೆದಿಡಬಹುದು. ಆದರೆ ನಾನು ತೆಗೆದುದು ಅದರ ಹಿತಕ್ಕಲ್ಲ, ನನ್ನ ಮನಸ್ಸಿನ ಸಮಾಧಾನಕ್ಕೆ. ಪರರ ವಸ್ತುವನ್ನೆತ್ತಿ ಮಾಡಿದ ತ್ಯಾಗ ತ್ಯಾಗವೂ ಅಲ್ಲ. ಕ್ಷಮಾವಣಿಯಂದು ಊರಿಗೆಲ್ಲ ಕೈಮುಗಿಯುವ ನಾವು ಮನೆಯ ಮಗುವಿನ ಕ್ಷಮೆ ಕೇಳುವುದು ವಿರಳ. ನಾನು ಕೇಳಿದೆ.

ಈಗ ಪೆಟ್ಟಿಗೆಯ ಜಾಗದಲ್ಲಿ ಮಗುವಿನ ಕೈಗೆ ಎಟಕುವಂತೆ ಎರಡು ಬೆತ್ತದ ಬುಟ್ಟಿಗಳಿವೆ. ಅವುಗಳಲ್ಲಿ ಹಿಡಿಸುವಷ್ಟೇ ಇರತಕ್ಕದ್ದು. ಹೊಸತೊಂದು ಬಂದರೆ ಹೊರಹೋಗಬೇಕಾದುದನ್ನು ಮಗುವೇ ಆರಿಸುತ್ತದೆ. ಬಸದಿಯ ಪಾಠಶಾಲೆಗೆ ಕೊಡುವುದಾದರೆ ತೊಳೆದು, ಮುರಿದುದನ್ನು ಸರಿಪಡಿಸಿಯೇ ಕೊಡುವುದು. ನಮಗೆ ಬೇಡವಾದ ಕಸವನ್ನು ಬಸದಿಗೆ ಸಾಗಿಸುವುದು ದಾನವಲ್ಲವೆಂದು ಟ್ರಸ್ಟಿನವರೂ ನಿಷ್ಠುರವಾಗಿ ಹೇಳಬೇಕು. ಎತ್ತಿಡುವ ಕೆಲಸ ಸೂರ್ಯಾಸ್ತಕ್ಕೆ ಮೊದಲೇ ಮುಗಿಯುತ್ತದೆ. ರಾತ್ರಿಭೋಜನವನ್ನು ನಾವು ಬಿಟ್ಟಿರುವುದು ಕತ್ತಲೆಯಲ್ಲಿ ಸೂಕ್ಷ್ಮಜೀವಿಗಳು ಕಾಣವೆಂದಲ್ಲವೆ? ಅದೇ ಕಾರಣ ಇಲ್ಲಿಯೂ ಸಲ್ಲುತ್ತದೆ. ಒಂದೊಂದನ್ನೇ ನೋಡಿ, ಮೆತ್ತನೆಯ ಬಟ್ಟೆಯಿಂದ ಸವರಿ ಇಡಲು ಹತ್ತು ನಿಮಿಷ ಸಾಕು. ಮೊದಲು ಆ ಕೆಲಸ ಸೊಸೆಯೊಬ್ಬಳ ಪಾಲಿಗೇ ಬೀಳುತ್ತಿತ್ತು. ನಾವು ಗಂಡಸರು ಕುಳಿತು ಓರಣದ ವಿಷಯ ಮಾತನಾಡುತ್ತಿದ್ದೆವು. ಈಗ ನಡುಮನೆಯಲ್ಲಿರುವವರೆಲ್ಲ ಮಗುವಿನೊಡನೆ ನೆಲಕ್ಕೆ ಕೂರುತ್ತೇವೆ. ನನ್ನ ಮೊಣಕಾಲು ಒಪ್ಪುವುದಿಲ್ಲ, ಆದರೂ ಕೂರುತ್ತೇನೆ.

ಕುದುರೆ ಈಗ ಇನ್ನೊಂದು ಮಗುವಿನದು. ಅದನ್ನು ಮರಳಿ ಕೇಳುವುದು ಸರಿಯಲ್ಲ. ಬೇರೊಂದು ಕೊಡಿಸುತ್ತೇನೆಂದರೆ ಮೊಮ್ಮಗಳು ಒಲ್ಲೆನೆಂದಳು. ಆ ಋಣ ನನ್ನ ಮೇಲೆ ಹಾಗೆಯೇ ಇದೆ.