ಹೊಗೆಯೋ, ಮಂಜೋ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಧ್ಯಾಹ್ನದ ಕಾಫಿಯ ಹೊತ್ತಿಗೆ ರಾಜಕಾರಣಿಗಳ ಮನೆವಾರ್ತೆ ಬಾರದ ದಿನವಿಲ್ಲ. ಯಾರ ಸೊಸೆ ಯಾವ ಜಾತಿ, ಯಾರ ಮಗ ನಿಜವಾಗಿ ಯಾರ ಮಗ, ಎಲ್ಲವೂ ಲೋಟ ಬರಿದಾಗುವುದರೊಳಗೆ ತೀರ್ಮಾನವಾಗಿಬಿಡುತ್ತದೆ. ‘ಇದಕ್ಕೆ ಆಧಾರವೇನು, ರಾಯರೆ?’ ಎಂದರೆ ಸಿದ್ಧವಾದ ಉತ್ತರವೊಂದುಂಟು: ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೆ, ಸ್ವಾಮಿ?’

ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ. ಅನುಮಾನ ಪ್ರಮಾಣಕ್ಕೆ ನಮ್ಮ ನೈಯಾಯಿಕರು ಕೊಡುವ ಹಳೆಯ ಉದಾಹರಣೆಯೂ ಇದೇ. ಆದರೆ ಅವರು ಕಾಫಿಯ ಮೇಜಿನವರಷ್ಟು ಆತುರಗಾರರಲ್ಲ. ಕಂಡದ್ದು ಹೊಗೆಯೇ ಹೌದೆ, ಇಲ್ಲ ಮಂಜೋ ಧೂಳೋ ಎಂಬುದು ಮೊದಲು ನಿಶ್ಚಯವಾಗಬೇಕು. ಜನ ಆಡಿಕೊಳ್ಳುತ್ತಾರೆ ಎಂಬುದಿಷ್ಟೇ ಹೊಗೆಯಾಗಲಾರದು. ಜನ ಬೇಸರಕ್ಕೂ ಆಡಿಕೊಳ್ಳುತ್ತಾರೆ.

ಪರರ ಮಾತೇಕೆ, ನನ್ನದನ್ನೇ ಹೇಳುತ್ತೇನೆ. ಹೊಸದಾಗಿ ಪಾಠ ಹೇಳತೊಡಗಿದ್ದ ಕಾಲ. ಇಂದಿರಾ ಗಾಂಧಿಯವರ ಪತಿ ಫಿರೋಜ್ ಗಾಂಧಿ ಮುಸಲ್ಮಾನರೆಂದೂ, ಅದನ್ನು ಮರೆಮಾಡಲು ಗಾಂಧೀಜಿ ತಮ್ಮ ಹೆಸರನ್ನು ಅವರಿಗೆ ಕೊಟ್ಟರೆಂದೂ ತರಗತಿಯಲ್ಲಿ ಹೇಳಿಬಿಟ್ಟೆ. ಹುಡುಗರು ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, ‘ಇದನ್ನು ಎಲ್ಲಿ ಓದಿದಿರಿ, ಸಾರ್?’ ಎಂದಳು. ಓದಿರಲಿಲ್ಲ. ಕೇಳಿದ್ದೆ, ಕೇಳಿದ್ದು ರುಚಿಸಿತ್ತು.

ಆಮೇಲೆ ಹುಡುಕಿದೆ. ಫಿರೋಜರು 1912ರಲ್ಲಿ ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದವರು. ತಂದೆ ಜಹಾಂಗೀರ್, ತಾಯಿ ರತಿಮಾಯಿ. ಗಾಂಧಿ ಎಂಬ ಮನೆತನದ ಹೆಸರು ಗುಜರಾತಿನ ಹಿಂದೂಗಳಲ್ಲಿ ಇರುವಂತೆ ಪಾರ್ಸಿಗಳಲ್ಲೂ ಉಂಟು. 1960ರಲ್ಲಿ ಅವರು ತೀರಿಕೊಂಡ ಮೇಲೆ ಅಸ್ಥಿಯ ಒಂದು ಭಾಗವನ್ನು ಅಲಹಾಬಾದಿನ ಪಾರ್ಸಿ ಸ್ಮಶಾನದಲ್ಲಿ ಇಟ್ಟರು. ಇದಿಷ್ಟೇ ಸಾಕಿತ್ತು. ಆದರೆ ನನ್ನನ್ನು ಒಪ್ಪಿಸಿದ್ದು ಬೇರೊಂದು ಸಂಗತಿ. 1942ರಲ್ಲಿ ಮದುವೆಯ ಸುದ್ದಿ ಹೊರಬಿದ್ದಾಗ ಗಾಂಧೀಜಿಗೆ ಬೈಗುಳದ ಕಾಗದಗಳು ಬಂದವು; ಅವಕ್ಕೆ ಅವರು ‘ಹರಿಜನ’ ಪತ್ರಿಕೆಯಲ್ಲಿ ಉತ್ತರ ಬರೆದರು. ಬರೆದವರ ಆಕ್ಷೇಪಣೆ ಏನು? ವರ ಪಾರ್ಸಿ ಎಂಬುದು! ಆ ದಿನಗಳ ಹಿಂದೂ ಮುಸ್ಲಿಂ ಕಾವಿನಲ್ಲಿ ವರ ಮುಸಲ್ಮಾನನೆಂಬ ಸಂಗತಿ ಅವರ ಕೈಗೆ ಸಿಕ್ಕಿದ್ದರೆ ಬಿಡುತ್ತಿದ್ದರೆ? ಬೈಯುವುದಕ್ಕೇ ಕುಳಿತವರು ಬೈಯದೆ ಬಿಟ್ಟದ್ದು ಬಲವಾದ ಸಾಕ್ಷಿ. ನಾನು ಕಂಡದ್ದು ಮಂಜು.

ಇರಲಿ, ಅವರು ಮುಸಲ್ಮಾನರೇ ಆಗಿದ್ದರೂ ಅದರಲ್ಲಿ ಮುಚ್ಚಿಡುವಂಥದೇನಿತ್ತು? ಈ ಪ್ರಶ್ನೆ ಅಂದು ನಕ್ಕವರಿಗೂ ಹೊಳೆಯಲಿಲ್ಲ, ನಗಿಸಿದವನಿಗೂ ಹೊಳೆಯಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ದೊಡ್ಡವರ ಮನೆಯ ಮೇಲಿನ ವದಂತಿಯೆಲ್ಲ ಸುಳ್ಳೆಂದು ತಿಳಿಯಬೇಕಾದೀತು. ಅಮೆರಿಕದ ಕಥೆಯೊಂದು ಹಾಗೆ ತಿಳಿಯಲು ಬಿಡುವುದಿಲ್ಲ. ಮನುಷ್ಯರ ಸಮಾನತೆಯನ್ನು ಸಾರಿದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್, ತಮ್ಮ ಮನೆಯ ಗುಲಾಮ ಹೆಣ್ಣು ಸ್ಯಾಲಿ ಹೆಮಿಂಗ್ಸಳಿಂದ ಮಕ್ಕಳನ್ನು ಪಡೆದಿದ್ದಾರೆಂದು 1802ರಲ್ಲಿ, ಅವರು ಅಧ್ಯಕ್ಷರಾಗಿದ್ದಾಗಲೇ, ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತ ಅಚ್ಚುಹಾಕಿಸಿದ. ಆತ ಸಜ್ಜನನಲ್ಲ. ಬೇಡಿದ ಪೋಸ್ಟ್‌ಮಾಸ್ಟರ್ ಹುದ್ದೆ ಸಿಗಲಿಲ್ಲವೆಂಬ ಉರಿ ಅವನದು. ಹೇಳಿದವನು ದ್ವೇಷಿ, ಜೆಫರ್ಸನ್ ಅಂಥವರಲ್ಲ ಎಂಬ ಎರಡೇ ನೆಪದಿಂದ ಬಹುಮಂದಿ ಚರಿತ್ರಕಾರರು ಒಂದೂವರೆ ಶತಮಾನಕ್ಕೂ ಮಿಕ್ಕಿ ಇದನ್ನು ತಳ್ಳಿಹಾಕಿದರು. ಜೆಫರ್ಸನ್ನರ ಮೊಮ್ಮಕ್ಕಳು ಅವರ ತಂಗಿಯ ಮಕ್ಕಳ ಕಡೆಗೆ ಬೆರಳು ತೋರಿಸಿದರು.

1998ರಲ್ಲಿ ಡಿ.ಎನ್.ಎ. ಪರೀಕ್ಷೆ ನಡೆಯಿತು. ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ವಂಶಜನ ಗುರುತು ಜೆಫರ್ಸನ್ನರ ದೊಡ್ಡಪ್ಪನ ಗಂಡುಸಂತಾನದ ಗುರುತಿಗೆ ಹೊಂದಿತು. ತಂಗಿಯ ಮಕ್ಕಳ ವಂಶಕ್ಕೆ ಹೊಂದಲಿಲ್ಲ. ಇದರಿಂದ ತಂದೆ ಜೆಫರ್ಸನ್ ವಂಶದ ಗಂಡಸೆಂದಷ್ಟೇ ಸಿದ್ಧವಾಯಿತು. ಅವರಿಗೆ ತಮ್ಮನೂ ಇದ್ದ. ಆದರೆ ಊರೂರು ಸುತ್ತುತ್ತಿದ್ದ ಜೆಫರ್ಸನ್, ಸ್ಯಾಲಿಯ ಒಂದೊಂದು ಮಗು ಹುಟ್ಟುವುದಕ್ಕೂ ಒಂಬತ್ತು ತಿಂಗಳು ಹಿಂದೆ ಮಾಂಟಿಸೆಲ್ಲೊದ ಮನೆಯಲ್ಲಿದ್ದರೆಂಬುದಕ್ಕೆ ದಾಖಲೆಯಿದೆ. ಆ ಮನೆಯ ಗುಲಾಮ ಕುಟುಂಬಗಳಲ್ಲಿ ಬದುಕುಳಿದ ಮಕ್ಕಳೆಲ್ಲರಿಗೂ ಬಿಡುಗಡೆಯಾದದ್ದು ಸ್ಯಾಲಿಯ ಮಕ್ಕಳಿಗೆ ಮಾತ್ರ. ಮಾಂಟಿಸೆಲ್ಲೊವನ್ನು ನೋಡಿಕೊಳ್ಳುವ ಸಂಸ್ಥೆ 2000ದಲ್ಲಿ, ತಂದೆ ಜೆಫರ್ಸನ್ನರೇ ಆಗಿರುವ ಸಂಭವ ಬಹಳ ಹೆಚ್ಚೆಂದು ಒಪ್ಪಿಕೊಂಡಿತು. ಒಪ್ಪದವರು ಇನ್ನೂ ಇದ್ದಾರೆ. ಅವರೂ ಈಗ ತಾರೀಖುಗಳನ್ನು ಹಿಡಿದೇ ವಾದಿಸಬೇಕಾಗಿದೆ. ‘ಅಂಥವರಲ್ಲ’ ಎಂದರೆ ಸಾಲದು.

ನನ್ನನ್ನು ಕಾಡುವುದು ಪರೀಕ್ಷೆಗಿಂತ ಹಿಂದಿನ ಒಂದು ಸಂಗತಿ. 1873ರಲ್ಲಿ ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್, ತಾನೂ ತನ್ನ ಒಡಹುಟ್ಟಿದವರೂ ಜೆಫರ್ಸನ್ನರ ಮಕ್ಕಳೆಂದು ಓಹಾಯೊದ ಒಂದು ಪತ್ರಿಕೆಯಲ್ಲಿ ಸ್ಪಷ್ಟವಾಗಿ ಹೇಳಿದ್ದ. ಅದು ವದಂತಿಯಲ್ಲ; ಮನೆಯವನ ಸಾಕ್ಷ್ಯ. ವಿಷಯವನ್ನು ಬಲ್ಲವನಾಗಿ, ಬಲ್ಲದ್ದನ್ನು ಇದ್ದಂತೆ ಹೇಳಬಯಸುವವನೇ ಆಪ್ತ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುತ್ತಾನೆ. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದವನ ಮಾತಿಗೆ ಆ ಸಮಾನತೆ ಸಿಗಲಿಲ್ಲ. ಮೊಮ್ಮಕ್ಕಳ ಮಾತನ್ನು ನಂಬಿದ ವಿದ್ವಾಂಸರು ಮಗನ ಮಾತನ್ನು ಬದಿಗಿಟ್ಟರು.

ನನ್ನ ತಪ್ಪನ್ನು ತರಗತಿಯಲ್ಲಿ ಒಪ್ಪಿಕೊಳ್ಳುವ ಧೈರ್ಯ ಬಂದದ್ದು ಮರುವರ್ಷ. ಆ ವೇಳೆಗೆ ಅಂದು ನಕ್ಕವರಲ್ಲಿ ಅರ್ಧದಷ್ಟು ಮಂದಿ ಕಾಲೇಜು ಬಿಟ್ಟು ಹೋಗಿದ್ದರು. ಪ್ರಶ್ನೆ ಕೇಳಿದ ಹುಡುಗಿಯೂ ಇರಲಿಲ್ಲ.